ಗುರುತಿಲ್ಲದವನ ಸಾವಿನೂಟ

ಪ್ರವಾಸ ಮಾಡುವುದಾದರೆ ನವೆಂಬರಿನಲ್ಲಿ ಮಾಡಬೇಕು! ಜುಲೈನ ಬೇಸಿಗೆಯಲ್ಲಿ ಪಶ್ಚಿಮ ಕರಾವಳಿಗೆ ಹೋಗುವವರು ಕುರಿಮಂದೆ. ನವೆಂಬರಿನಲ್ಲಿ ಹೋಗುವವನು ದೊರೆ! ಹೀಗೆಂದು ನಾನು ಅಥ್ಲೋನಿನ ನಮ್ಮ ಅಡುಗೆಮನೆಯಲ್ಲಿ ಚಹಾದ ಲೋಟ ಎತ್ತಿ ಹಿಡಿದು ಘೋಷಿಸಿದೆ. ಇಪ್ಪತ್ತಾರು ವರ್ಷಗಳಿಂದ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಫಿಂಟನ್ ಎಂಬ ನನಗೆ ರಸ್ತೆಯ ವಿಷಯದಲ್ಲಿ ಬುದ್ಧಿ ಹೇಳುವವರು ಇಡೀ ಐರ್ಲೆಂಡಿನಲ್ಲಿ ಒಬ್ಬರೇ ಇದ್ದಾರೆ. ಅವರು ಎದುರಿಗೇ ಕುಳಿತಿದ್ದರು.

"ರೂಮು ಬುಕ್ ಮಾಡಿದ್ದೀಯಾ?" ಎಂದಳು ನನ್ನ ಹೆಂಡತಿ ಡರ್ವ್ಲಾ.

"ಬುಕ್ಕಿಂಗ್ ಎಲ್ಲ ಪುಕ್ಕಲರಿಗೆ! ಕರಾವಳಿ ಪೂರ್ತಿ ಖಾಲಿ ಇರುತ್ತೆ. ಬೇಕಾದ ಕಡೆ ನಿಲ್ಲೋದು, ಹಸಿವಾದ ಕಡೆ ತಿನ್ನೋದು."

"ಖಾಲಿ ಯಾಕಿರುತ್ತೆ ಅಂತ ಯೋಚನೆ ಮಾಡಿದ್ದೀಯಾ ಮಾರಾಯ?"

ಮಾಡಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೇಯೋ ಸೀಮೆಯ ಕರಾವಳಿಯೇ ಅದನ್ನು ನನಗೆ ಬಿಡಿಸಿ ಹೇಳಿತ್ತು. ಬಾಗಿಲೇ ಇಲ್ಲದ ಪಾಳು ಕ್ರೈಸ್ತ ಮಠಗಳೆಲ್ಲ ತೆರೆದಿದ್ದವು. ಬಾಗಿಲಿದ್ದ ಹೋಟೆಲುಗಳೆಲ್ಲ ಮುಚ್ಚಿದ್ದವು! ಒಂದೊಂದು ಬಾಗಿಲಿಗೂ ಒಂದೊಂದು ಚೀಟಿ: 'ಈಸ್ಟರ್ ಹಬ್ಬಕ್ಕೆ ಸಿಗೋಣ.' ಹಿಂದಿನ ರಾತ್ರಿಯ ನಮ್ಮ ಭೋಜನ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಒಂದು ಪೊಟ್ಟಣ ಬಿಸ್ಕತ್ತು. ಈಗ ಮಳೆಯಲ್ಲಿ, ಸೂರಿಲ್ಲದ ಮಠದ ಊಟದ ಕೋಣೆಯಲ್ಲಿ ನಿಂತು, ಸನ್ಯಾಸಿಗಳು ಏನು ತಿನ್ನುತ್ತಿದ್ದರು ಎಂಬ ಫಲಕವನ್ನು ಡರ್ವ್ಲಾ ಗಟ್ಟಿಯಾಗಿ ಓದತೊಡಗಿದಳು.

"ನದಿಯ ಮೀನು, ಬಾರ್ಲಿ ರೊಟ್ಟಿ, ಬೆಣ್ಣೆ, ಜೇನು..."

"ಸಾಕು ನಿಲ್ಸು."

"ಅವರು ಮುಂಚೆನೇ ಬುಕ್ ಮಾಡಿದ್ರೋ ಏನೋ."

ಬೆಲ್‌ಮಲೆಟ್ ಪಟ್ಟಣ ದಾಟಿ ಸಮುದ್ರದ ಅಂಚಿನ ಸಣ್ಣ ಊರೊಂದಕ್ಕೆ ಬಂದಾಗ ಚರ್ಚಿನ ಪಕ್ಕದ ಹಾಲ್ ಮುಂದೆ ನಲವತ್ತು ಕಾರುಗಳು ನಿಂತಿದ್ದವು. ಬಾಗಿಲಿನಿಂದ ರಸ್ತೆಯವರೆಗೆ ಜನರ ಸಾಲು. ಒಳಗಿನಿಂದ ಬಿಸಿ ಸೂಪಿನ ವಾಸನೆ! ಅವತ್ತು ಶನಿವಾರ. ಚರ್ಚಿನವರು ಏನೋ ಸಹಾಯಾರ್ಥ ಊಟ ಇಟ್ಟಿದ್ದಾರೆ ಎಂದು ನಾನು ತೀರ್ಮಾನಿಸಿ ಸಾಲಿಗೆ ನುಗ್ಗಿದೆ.

"ಎಲ್ಲರೂ ಕಪ್ಪು ಕೋಟಲ್ಲಿದ್ದಾರಲ್ಲೋ?" ಎಂದಳು ಡರ್ವ್ಲಾ.

"ನವೆಂಬರಲ್ಲಿ ನಮ್ಮ ದೇಶದಲ್ಲಿ ಬೇರೆ ಬಣ್ಣದ ಕೋಟು ಯಾರ ಹತ್ರ ಇದೆ?"

ಬಾಗಿಲು ದಾಟಿದ ಮೇಲೆ ನನ್ನ ಕಣ್ಣು ತೆರೆಯಿತು. ಮೇಜಿನ ಮೇಲೆ ಒಬ್ಬ ಮುದುಕನ ಫೋಟೋ, ಮುಂದೆ ಉರಿಯುವ ಮೇಣದ ಬತ್ತಿ. ಪಕ್ಕದಲ್ಲಿ ಕಪ್ಪು ಉಡುಪಿನ ಅಜ್ಜಿಯೊಬ್ಬರು. ಊಟಕ್ಕೆ ಹೋಗುವ ಪ್ರತಿಯೊಬ್ಬರೂ ಅವರ ಕೈ ಕುಲುಕಿ ಮುಂದೆ ಹೋಗುತ್ತಿದ್ದರು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಇಪ್ಪತ್ತು ಜನ! ಐವತ್ತು ದಾಟಿದ ನಮ್ಮವರು ಯಾರೇ ಆಗಲಿ, ಇಂಥ ಇನ್ನೂರು ಸಾವಿನೂಟದ ಸಾಲುಗಳಲ್ಲಿ ನಿಂತು ಕೈ ಕುಲುಕಿರುತ್ತಾರೆ. ಆ ಹೊತ್ತಿನಲ್ಲಿ ಕೈಯಾಗಲಿ ನಾಲಗೆಯಾಗಲಿ ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ನಿಮ್ಮ ಸಂಕಟ ಕೇಳಿ ಬೇಜಾರಾಯ್ತಮ್ಮಾ."

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಬಚಾವಾಗುತ್ತಿದ್ದೆ. ಸಾವಿನ ಮನೆಗೆ ಬಂದವರನ್ನು ನೀನು ಯಾರು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಅಜ್ಜಿ ಕೈ ಬಿಡಲಿಲ್ಲ.

"ದೂರದಿಂದ ಬಂದ ಹಾಗಿದೆ. ನಮ್ಮ ಫೆಸ್ಟಸ್ ನಿಮಗೆ ಹೇಗೆ ಗೊತ್ತು?"

ಸತ್ತವರ ಹೆಸರು ನನಗೆ ತಿಳಿದದ್ದು ಹೀಗೆ. 'ಗೊತ್ತಿಲ್ಲಮ್ಮ, ಹಸಿವು' ಎಂದಿದ್ದರೆ ಮುಗಿದಿತ್ತು.

"ಡಬ್ಲಿನ್‌ನಲ್ಲಿ" ಎಂದೆ.

"ಡಬ್ಲಿನ್‌ನಲ್ಲಾ?"

"ಕಟ್ಟಡದ ಕೆಲಸಕ್ಕೆ ಬಂದಿದ್ರಲ್ಲ, ಆವಾಗ. ನಮ್ಮನೆ ಮಹಡೀಲಿ ಬಾಡಿಗೆಗಿದ್ರು. ನಾನಿನ್ನೂ ಚಿಕ್ಕವನು."

ಈ ಕಡೆಯ ಗಂಡಸರಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲಕ್ಕೆ ಡಬ್ಲಿನ್‌ನಲ್ಲಿ ಇಟ್ಟಿಗೆ ಹೊತ್ತವರೇ. ಹಾಗಾಗಿ ನನ್ನ ಸುಳ್ಳಿಗೆ ಗಟ್ಟಿ ಅಡಿಪಾಯ ಇದೆ ಎಂದುಕೊಂಡೆ. ಅಜ್ಜಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಮೈದುನನನ್ನು ಕರೆದರು.

"ಮಲಾಕಿ, ಇವರಿಬ್ಬರನ್ನೂ ನನ್ನ ಮೇಜಿಗೇ ಕೂರ್ಸು. ಫೆಸ್ಟಸ್‌ನ ನೋಡಿದವರು, ಡಬ್ಲಿನ್‌ನಲ್ಲಿ!"

"ಬನ್ನಿ, ಬನ್ನಿ. ಡೀಲಿಯಾ ಅತ್ತಿಗೆ ಹೇಳಿದ ಮೇಲೆ ಆಯ್ತು" ಎಂದು ಮಲಾಕಿ ನಮ್ಮನ್ನು ಮದುಮಕ್ಕಳ ಹಾಗೆ ಕರೆದೊಯ್ದ. ಸೂಪು ಬಂತು. ಹಂದಿಮಾಂಸದ ದಪ್ಪ ಹೋಳುಗಳು ಬಂದವು. ಆಲೂಗಡ್ಡೆಯ ಬೆಟ್ಟವೇ ಬಂತು! ಬಿಸ್ಕತ್ತಿನ ಮೇಲೆ ಬದುಕಿದ್ದ ನಾನು ಚಮಚ ಎತ್ತುವಷ್ಟರಲ್ಲಿ ಡೀಲಿಯಾ ಎದುರಿಗೆ ಬಂದು ಕುಳಿತರು.

"ಅಲ್ಲಿ ಹೇಗಿದ್ದ ಅವನು?"

"ಏನು ಹೇಳಲಮ್ಮಾ! ಶನಿವಾರ ಸಂಜೆ ಆಯ್ತೂಂದ್ರೆ ಹಾಡು, ಹಾಡು, ಹಾಡು!"

ಮಲಾಕಿಯ ಚಮಚ ಬಾಯಿಯ ಹತ್ತಿರವೇ ನಿಂತಿತು. "ಹಾಡಾ? ನಮ್ಮ ಫೆಸ್ಟಸ್ಸಾ?"

"ನೀನು ಸೂಪ್ ಕುಡಿ ಮಲಾಕಿ" ಎಂದರು ಡೀಲಿಯಾ. "ಕುಣೀತಿದ್ನಾ?"

"ಕುಣಿಯೋದಾ! ನಮ್ಮನೆ ಸೀಲಿಂಗಿಂದ ಸುಣ್ಣ ಉದುರ್ತಿತ್ತು!"

ಮೇಜಿನ ಕೆಳಗೆ ಡರ್ವ್ಲಾಳ ಬೂಟು ನನ್ನ ಮೊಣಕಾಲಿಗೆ ತಾಕಿತು. ಆದರೆ ಡೀಲಿಯಾ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅವರ ಕೆನ್ನೆಗೆ ಬಣ್ಣ ಬಂದಿತ್ತು. ಒಂದು ಸುಳ್ಳಾದ ಮೇಲೆ ಇನ್ನೊಂದು ಕೇಳುತ್ತಿದ್ದರು, ನಾನು ಬಡಿಸುತ್ತಿದ್ದೆ. ಆಮೇಲೆ ಅವರು ದನಿ ತಗ್ಗಿಸಿದರು.

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ನಾ?"

ಮೇಜಿನ ಸುತ್ತ ಇದ್ದವರೆಲ್ಲ ನಮ್ಮ ಕಡೆ ಬಾಗಿದರು. ನಾನು ಫೋಟೋ ಕಡೆ ನೋಡಿದೆ. ಟೋಪಿ ಹಾಕಿ, ತುಟಿ ಬಿಗಿದುಕೊಂಡ ಮುದುಕ. ಏನಾದರೂ ಹೇಳುವುದಿದ್ದರೆ ಮೊದಲು ಹಸುವಿನ ಹತ್ತಿರ ಹೇಳುವವನಂತೆ ಕಾಣುತ್ತಿದ್ದ. ಆದರೆ ಒಂದೆರಡು ಗಂಟೆಯ ಹಿಂದಷ್ಟೇ ಗಂಡನನ್ನು ಮಣ್ಣು ಮಾಡಿದವಳ ಕಣ್ಣಲ್ಲಿ ಕಣ್ಣಿಟ್ಟು 'ಇಲ್ಲ' ಎನ್ನುವುದು ಹೇಗೆ?

"ಹೇಳದೇ ಇದ್ದ ದಿನಾನೇ ಇಲ್ಲಮ್ಮಾ. 'ನಮ್ಮ ಡೀಲಿಯಾ ನಕ್ಕರೆ ಅಡುಗೆಮನೆಗೆ ಇನ್ನೊಂದು ದೀಪ ಬೇಡ' ಅಂತಿದ್ರು. 'ಅಂಥವಳು ನನಗೆ ಹೇಗೆ ಸಿಕ್ಕಳೋ' ಅಂತಿದ್ರು."

ಡೀಲಿಯಾ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಪಕ್ಕದ ಮೇಜಿನಲ್ಲಿ ಯಾರೋ ಮೂಗು ಸೀಟಿದರು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನಿಜವಾಗಿಯೂ ನಾಚಿಕೆಯಾಯಿತು.

ಡರ್ವ್ಲಾ ನನ್ನನ್ನು ಕೋಟುಗಳು ತೂಗುಹಾಕಿದ್ದ ಮೂಲೆಗೆ ಎಳೆದೊಯ್ದಳು.

"ಹೋಗಿ ನಿಜ ಹೇಳು."

"ಈಗಾ? ಎದೆ ಒಡೆದುಹೋಗುತ್ತೆ ಕಣೇ ಅವರಿಗೆ."

"ಇರೋವರೆಗೂ ಆ ಮಾತನ್ನೇ ಹಿಡ್ಕೊಂಡು ಬದುಕ್ತಾರೆ ಅವರು. ನಾಳೆ ಆ ಮಲಾಕಿ 'ಅದೆಲ್ಲ ಸುಳ್ಳು' ಅಂದ್ರೆ ಆಗ ಒಡೆಯಲ್ವಾ? ನೋಡು ಅಲ್ಲಿ, ಆಗಲೇ ಬೆರಳು ಮಡಚಿ ವರ್ಷ ಲೆಕ್ಕ ಹಾಕ್ತಿದ್ದಾನೆ!"

ಹೌದು, ಹಾಕುತ್ತಿದ್ದ. ಡೀಲಿಯಾ ಅಡುಗೆ ಕಟ್ಟೆಯ ಹತ್ತಿರ ಒಬ್ಬರೇ ನಿಂತು ಸ್ಯಾಂಡ್‌ವಿಚ್ ಕಟ್ಟುತ್ತಿದ್ದರು. ಎಷ್ಟೋ ಜನರಿಗೆ ಹೆದರದೆ ಬ್ರೇಕ್ ಹಾಕುವುದನ್ನು ಕಲಿಸಿದ ನಾನು ಅಲ್ಲಿಯವರೆಗೆ ಕಾಲೆಳೆದುಕೊಂಡು ಹೋದೆ.

"ಅಮ್ಮಾ, ಒಂದು ಮಾತು ಹೇಳ್ಬೇಕಿತ್ತು. ಡಬ್ಲಿನ್‌ನಲ್ಲಿ... ಫೆಸ್ಟಸ್ ಅವರು..."

"ಫೆಸ್ಟಸ್ ಡಬ್ಲಿನ್ ನೋಡಿದವನೇ ಅಲ್ಲ ಮಗಾ" ಎಂದರು ಅವರು, ಕೈ ನಿಲ್ಲಿಸದೆ. "ಕಾಸಲ್‌ಬಾರ್ ಆಸ್ಪತ್ರೆಯಿಂದ ಆಚೆ ಒಂದು ಹೆಜ್ಜೆ ಇಟ್ಟವನಲ್ಲ. ಒಂದ್ಸಲ ಎಲ್ಲಾದ್ರೂ ಕರ್ಕೊಂಡು ಹೋಗು ಅಂತ ಐವತ್ತೊಂದು ವರ್ಷ ಕೇಳ್ದೆ. ಹಸುಗಳನ್ನ ಯಾರು ನೋಡ್ಕೋತಾರೆ ಅಂತಿದ್ದ."

ನೆಲ ಬಾಯಿ ಬಿಡಬಾರದೇ ಎನಿಸಿತು. "ಹಾಗಾದ್ರೆ ನನ್ನನ್ನ ಯಾಕಮ್ಮಾ ತಡೀಲಿಲ್ಲ?"

"ಹಸಿದು ಬಂದವರು ಅಂತ ಬಾಗಿಲಲ್ಲೇ ಗೊತ್ತಾಯ್ತು. ಈ ಕಾಲದಲ್ಲಿ ಇಲ್ಲಿ ನಿಮಗೆ ಊಟ ಎಲ್ಲಿ ಸಿಗುತ್ತೆ? ಉಂಡು ಹೋಗ್ಲಿ ಅಂದ್ಕೊಂಡೆ. ಆಮೇಲೆ ನೀನು ಅವನ ಬಾಯಿಂದ ನನ್ನ ಹೆಸರು ಹೇಳಿಸ್ದೆ." ಅವರು ಪೊಟ್ಟಣವನ್ನು ನನ್ನ ಕೈಗಿಟ್ಟರು. "ಕೆಟ್ಟವನಲ್ಲ ಕಣಪ್ಪ ಅವನು. ಮಾತು ಬರ್ತಿರ್ಲಿಲ್ಲ ಅಷ್ಟೇ. ನಾಲ್ಕು ಜನರ ಎದುರು ಅವನು ನನ್ನನ್ನ ಹೊಗಳಿದ್ದು ಇವತ್ತೇ ಮೊದಲು. ಅದನ್ನ ನಾನೇ ತಡೀಬೇಕಿತ್ತಾ?"

ಇನ್ನೊಮ್ಮೆ ಅವರ ಕೈ ಹಿಡಿದು, ಈ ಸಲ ಮನಸ್ಸಿಟ್ಟು, ಬಾಗಿಲಲ್ಲಿ ಹೇಳಿದ್ದ ಮಾತನ್ನೇ ಹೇಳಿದೆ.

ಕಾರಿನಲ್ಲಿ ಎಲ್ಲವನ್ನೂ ಡರ್ವ್ಲಾಗೆ ಹೇಳಿದೆ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಸಮುದ್ರದ ಕಡೆ ಮುಖ ತಿರುಗಿಸಿದಳು.

"ಎಷ್ಟು ಚೆನ್ನಾಗಿ ಹೇಳಿದೆಯಲ್ಲ ನೀನು, ಬೇರೆಯವರ ಹೆಂಡತಿ ಬಗ್ಗೆ" ಎಂದಳು. "ನಮ್ಮ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ನಾನೇನು, ನಿನ್ನ ಸಾವಿನೂಟಕ್ಕೆ ಯಾರಾದ್ರೂ ಹಸಿದವನು ಬರೋವರೆಗೆ ಕಾಯ್ಬೇಕಾ?"

ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಅವಳ ಕಡೆ ತಿರುಗಿದೆ. ಅರ್ಧ ಗಂಟೆಯ ಹಿಂದೆ ಗುರುತಿಲ್ಲದವರಿಗಾಗಿ ಸರಾಗವಾಗಿ ಹರಿದ ನಾಲಗೆ ನನ್ನದೇ ತಾನೆ? ಹೇಳಬೇಕಾದದ್ದೆಲ್ಲ ಎದೆಯಲ್ಲಿತ್ತು, ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಉಸಿರೆಳೆದುಕೊಂಡು ಬಾಯಿ ತೆರೆದೆ.

"ಸೂಪ್ ಚೆನ್ನಾಗಿತ್ತು, ಅಲ್ವಾ?" ಎಂದೆ.