ಇಪ್ಪತ್ತು ನಿಮಿಷ ಮುಂದಿದ್ದ ಗಡಿಯಾರ

ಗಣಿತ ನಮ್ಮ ವಂಶದ ಆಸ್ತಿ! ಬೇರೆ ಮನೆಗಳಲ್ಲಿ ಮಕ್ಕಳಿಗೆ ಊಟದ ಹೊತ್ತಿನಲ್ಲಿ ಕಥೆ ಹೇಳಿದರೆ, ನಮ್ಮಪ್ಪ ಯೋಗನರಸಿಂಹ ಮೇಷ್ಟ್ರು ನನಗೆ ಲೆಕ್ಕ ಹೇಳುತ್ತಿದ್ದರು. "ತೊಂಡೇಬಾವೀಲಿ ಎಂಟೂ ಐವತ್ತಕ್ಕೆ ಹೊರಟ ರೈಲು ಒಂಬತ್ತೂ ಹತ್ತಕ್ಕೆ ಗೌರಿಬಿದನೂರು ಸೇರಿದ್ರೆ ಹಿಡಿದ ಕಾಲ ಎಷ್ಟಪ್ಪ, ಅಚ್ಯುತಾ?" ಉತ್ತರ ಹೇಳಿದ ಮೇಲೆಯೇ ಹುಳಿಯನ್ನಕ್ಕೆ ತುಪ್ಪ. ತಪ್ಪು ಹೇಳಿದ ದಿನ ಅಮ್ಮ ಅಪ್ಪನ ಕಣ್ಣು ತಪ್ಪಿಸಿ ಬಡಿಸುತ್ತಿದ್ದಳು, ಆ ಮಾತು ಬೇರೆ.

ಇಂಥ ವಂಶದ ಕುಡಿ, ಐದನೇ ಕ್ಲಾಸಿನ ನನ್ನ ಮಗಳು ಮಹತಿ, ಕಾಲದ ಲೆಕ್ಕದಲ್ಲಿ ಸೊನ್ನೆ ತಂದರೆ ಸುಮ್ಮನಿರಲಾಗುತ್ತದೆಯೇ? ಶನಿವಾರ ಸಂಜೆ ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತು ಸಾರಿದೆ: "ಇನ್ನು ಮುಂದೆ ಈ ಮನೇಲಿ ಒಂದು ನಿಮಿಷದ ಲೆಕ್ಕವೂ ತಪ್ಪಕೂಡದು!"

"ನಾಳೆ ರೈಲು ತಪ್ಪದಿದ್ರೆ ಸಾಕು ಮಹರಾಯರೇ," ಎಂದಳು ಹೆಂಡತಿ ಶುಭಾ, ಅಡುಗೆಮನೆಯಿಂದಲೇ.

ಭಾನುವಾರದ ಆ ರೈಲು ಅಮ್ಮನದು. ಗೌರಿಬಿದನೂರಿನಲ್ಲಿ ಮನೆ ಮಾಡಿದ ಮೇಲೆ ಅವಳು ತೊಂಡೇಬಾವಿಗೆ ರೈಲಿನಲ್ಲಿ ಹೋದದ್ದೇ ಇಲ್ಲ. ಅಲ್ಲಿ ನಮ್ಮ ಹಳೆಯ ಮನೆಯ ಪಕ್ಕದ ಆಂಜಿನಮ್ಮ ಸೋಮವಾರ ಚಿಂತಾಮಣಿಗೆ, ಮಗಳ ಮನೆಗೆ, ಹೊರಟುಬಿಡುವವಳಿದ್ದಳು. ಅದಕ್ಕೆ ಮುಂಚೆ ಒಂದು ಸಲ ಹಿತಕಿದ ಬೇಳೆ ಸಾರಿನ ಊಟಕ್ಕೆ ಬಾ ಎಂದು ಕರೆದಿದ್ದಳು. "ಕಾರೂ ಬೇಡ, ಬಸ್ಸೂ ಬೇಡ. ನಿಮ್ಮಪ್ಪ ಓಡಾಡ್ತಿದ್ದ ರೈಲಲ್ಲೇ ಹೋಗಣ ಕಣೋ," ಎಂದಿದ್ದಳು ಅಮ್ಮ. ಒಂದು ವಾರದಿಂದ ಸೀರೆ ತೆಗೆದಿಡುವುದು, ಮತ್ತೆ ಬದಲಾಯಿಸುವುದು ನಡೆದಿತ್ತು.

ಇರಲಿ, ಸೊನ್ನೆಗೆ ಬರೋಣ. ಮನೆಯ ಒಂದು ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು ಬರೆದು, ಹಿಡಿದ ಕಾಲ ಕಂಡುಹಿಡಿಯಿರಿ ಎಂದು ಮಿಸ್ಸು ಹೇಳಿದ್ದರಂತೆ. ಮಹತಿ ಬರೆದಿದ್ದಳು: "ಅಪ್ಪ ಕಾಫಿ ಕುಡಿದದ್ದು. ಶುರು ಏಳೂ ಇಪ್ಪತ್ತು. ಮುಗಿದದ್ದು ಏಳೂ ಐದು." ಕೆಳಗೆ ಕೆಂಪು ಶಾಯಿಯಲ್ಲಿ ಮಿಸ್ಸಿನ ಪ್ರಶ್ನೆ: "ನಿಮ್ಮ ತಂದೆ ಕಾಫಿ ಶುರುಮಾಡುವ ಮೊದಲೇ ಮುಗಿಸುತ್ತಾರೆಯೇ?"

"ಏನೇ ಇದು?"

"ನಾನೇನಪ್ಪ ಮಾಡ್ಲಿ? ಶುರುವಾಗಿದ್ದು ಗೋಡೆ ಗಡಿಯಾರದಲ್ಲಿ ನೋಡ್ದೆ. ಮುಗ್ದಿದ್ದು ಮೊಬೈಲಲ್ಲಿ ನೋಡ್ದೆ!"

ಅಪರಾಧಿ ಸಿಕ್ಕಿಬಿದ್ದಿತು. ತೊಂಡೇಬಾವಿಯಿಂದ ನಮ್ಮ ಜೊತೆ ಬಂದ ಅಪ್ಪನ ಗೋಡೆ ಗಡಿಯಾರ! ಅಪ್ಪ ಅದನ್ನು ದೇವರಂತೆ ನಂಬಿದ್ದರು. ನಾನು ಕಂಡಂತೆ, ಮೇಷ್ಟ್ರ ಕೆಲಸ ಮುಗಿಯುವವರೆಗೆ ಒಂದು ದಿನವೂ ರೈಲು ತಪ್ಪಿಸಿಕೊಂಡವರಲ್ಲ. ತಾವು ಪಾಠ ಮಾಡುತ್ತಿದ್ದ ಗೌರಿಬಿದನೂರಿನ ಹೈಸ್ಕೂಲಿಗೆ ನನ್ನನ್ನೂ ಕರೆದುಕೊಂಡು ಹೊರಟು, ತೊಂಡೇಬಾವಿಯ ಪ್ಲಾಟ್‌ಫಾರಂ ಸೇರಿ, "ನೋಡು, ಇವತ್ತೂ ಲೇಟು! ನಮ್ಮ ಗಡಿಯಾರಕ್ಕಿರೋ ಶಿಸ್ತು ಈ ರೈಲ್ವೆಯೋರಿಗಿಲ್ಲ!" ಎಂದು ಗುಡುಗುತ್ತಿದ್ದರು. ಆಮೇಲೆ ಬೇಯಿಸಿದ ಕಡಲೆಕಾಯಿ ಕೊಡಿಸಿ, ರೈಲು ಬರುವವರೆಗೂ ಲೆಕ್ಕ ಹಾಕಿಸುತ್ತಿದ್ದರು. ಅಪ್ಪ ಹೋದ ಮೇಲೆ, ಮೊಬೈಲ್ ಬಂದ ಕಾಲಕ್ಕೆ, ಗಡಿಯಾರ ಇಪ್ಪತ್ತು ನಿಮಿಷ ಮುಂದಿರುವುದು ನಮಗೆ ತಿಳಿಯಿತು. ಪಾಪ, ವಯಸ್ಸಾಗಿದೆ ಎಂದುಕೊಂಡು ಎಲ್ಲರೂ ಇಪ್ಪತ್ತು ಕಳೆದು ಓದುವುದನ್ನು ರೂಢಿ ಮಾಡಿಕೊಂಡಿದ್ದೆವು.

ಮಗಳ ಸೊನ್ನೆಗೆ ಸೇಡು ತೀರಿಸಿಕೊಳ್ಳಲು ನಾನು ಸ್ಟೂಲು ಹತ್ತಿದೆ. ಮುಳ್ಳು ತಿರುಗಿಸಿ ಗಡಿಯಾರವನ್ನು ಮೊಬೈಲಿಗೆ ಸರಿಯಾಗಿ ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಎಲ್ಲರ ಮುಂದೆ ಘೋಷಿಸಿ ಚಪ್ಪಾಳೆ ಗಿಟ್ಟಿಸುವುದು ನನ್ನ ಯೋಜನೆಯಾಗಿತ್ತು!

ಬೆಳಗಾಯಿತು. ರೈಲು ಎಂಟೂ ನಲವತ್ತಕ್ಕೆ. ಸ್ಟೇಷನ್ನು ನಮ್ಮ ಬೀದಿಯ ತುದಿಯಲ್ಲೇ ಇದೆ. ನನ್ನ ಮೊಬೈಲು ಚಾರ್ಜಿಗೆ ನೇತಾಡುತ್ತಿತ್ತು, ಶುಭಾಳದು ಚೀಲದ ತಳದಲ್ಲಿತ್ತು. ಅಮ್ಮ ಎರಡನೇ ಸಲ ಸೀರೆ ಬದಲಾಯಿಸುತ್ತಿದ್ದಳು.

"ಎಂಟೂವರೆ ತೋರಿಸ್ತಿದೆ," ಎಂದಳು ಶುಭಾ ಗಡಿಯಾರ ನೋಡಿ. "ಅಂದ್ರೆ ಎಂಟೂ ಹತ್ತು. ಇನ್ನೊಂದ್ಸಲ ಕಾಫಿ ಮಾಡ್ಲಾ?"

"ಮಾಡು ಮಾಡು, ಬೇಕಾದಷ್ಟು ಟೈಮಿದೆ," ಎಂದವನು ಯಾರು? ಹಿಂದಿನ ಸಂಜೆ ಸ್ಟೂಲು ಹತ್ತಿದ ಮಹಾಗಣಿತಜ್ಞ! ಕೈ ಮುಳ್ಳು ತಿರುಗಿಸಿದ್ದರೂ ತಲೆ ತನ್ನ ಪಾಡಿಗೆ ಇಪ್ಪತ್ತು ಕಳೆಯುತ್ತಲೇ ಇತ್ತು. ಕಾಲ ಮೇಲೆ ಕಾಲು ಹಾಕಿ ಕಾಫಿ ಹೀರಿದೆ.

ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಉದ್ದಕ್ಕೆ ಕೂಗು ಕೇಳಿಸಿತು.

"ಯಾವುದೋ ಗೂಡ್ಸ್ ಇರ್ಬೇಕು," ಎಂದೆ.

ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದವಳು ನಿಂತಳು. "ಗೂಡ್ಸ್ ಅಲ್ಲ ಕಣೋ. ಅದು ನಮ್ದು."

ಲೋಟ ಕೈಯಲ್ಲೇ ಉಳಿಯಿತು. ಚಪ್ಪಲಿಯಿಲ್ಲದೆ ಬೀದಿಗೆ ಓಡಿದೆ. ರೈಲಿನ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಯಿತು. ಹಿಂತಿರುಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ.

"ಸರಿ ಮಾಡಿದ್ರಾ? ಕೇಳ್ದೆ, ಹೇಳ್ದೆ?" ಎಂದು ಶುಭಾ ಸೊಂಟಕ್ಕೆ ಕೈಯಿಟ್ಟಳು. ಮಹತಿ ಮಾತ್ರ ಆಸಕ್ತಿಯಿಂದ, "ಅಪ್ಪ, ಈಗ ರೈಲಿಗೂ ನಮಗೂ ಮಧ್ಯೆ ಎಷ್ಟು ನಿಮಿಷ?" ಎಂದಳು. ಅಮ್ಮ ಸೀರೆಯ ನೆರಿಗೆಯನ್ನು ಸುಮ್ಮನೆ ಮತ್ತೆ ಮತ್ತೆ ಸವರಿದಳು. ಅದನ್ನು ನೋಡಿ ನನಗೆ ನಿಜವಾಗಿಯೂ ಅಳು ಬಂತು.

ಆಟೋದಲ್ಲಿ ಕುಲುಕುತ್ತಾ ತೊಂಡೇಬಾವಿ ಸೇರಿದಾಗ ಆಂಜಿನಮ್ಮ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಇನ್ನೂ ಕೂತಿದ್ದಳು. "ಏಮಮ್ಮಾ ಸಾವಿತ್ರಮ್ಮಾ! ರೈಲು ಬಂತು, ಹೋಯ್ತು, ನೀನಿಳೀಲಿಲ್ಲ. ಮೇಷ್ಟ್ರ ಮನೆಯೋರು ರೈಲು ತಪ್ಪಿಸ್ಕೊಳ್ಳೋದಾ?" ಎಂದು ಬಾಯ ಮೇಲೆ ಕೈಯಿಟ್ಟಳು. ನಾನು ಆಟೋದವನ ಚಿಲ್ಲರೆ ಎಣಿಸುವವನಂತೆ ತಲೆ ತಗ್ಗಿಸಿದೆ.

ಊಟ ಸೊಗಸಾಗಿತ್ತು. ಸಂಜೆ ಹಿಂತಿರುಗುವಾಗ ಹಟ ಹಿಡಿದು ಎಲ್ಲರನ್ನೂ ರೈಲಿಗೇ ಹತ್ತಿಸಿದೆ. ಅಮ್ಮ ಕಿಟಕಿಯ ಪಕ್ಕ ಕೂತು, ತೊಂಡೇಬಾವಿ ಹಿಂದೆ ಸರಿಯುವವರೆಗೂ ಹೊರಗೇ ನೋಡುತ್ತಿದ್ದಳು. ಆಮೇಲೆ ಒಬ್ಬಳೇ ನಗತೊಡಗಿದಳು.

"ಆ ಗಡಿಯಾರಕ್ಕೆ ವಯಸ್ಸೂ ಆಗಿಲ್ಲ, ಏನೂ ಇಲ್ಲ ಕಣೋ. ಮುಂದಿಟ್ಟಿದ್ದು ನಾನು."

"ನೀನಾ? ಯಾವಾಗ?"

"ಮದುವೆಯಾದ ಹೊಸದ್ರಲ್ಲಿ. ನಿಮ್ಮಪ್ಪ ವಾರಕ್ಕೆ ಮೂರು ದಿನ ರೈಲು ತಪ್ಪಿಸ್ಕೊಂಡು ಮನೆಗ್ ಬರೋರು. ಒಂದಿನ ಅವರು ಸ್ನಾನಕ್ಕೆ ಹೋದಾಗ ತಿರುಗಿಸ್ಬಿಟ್ಟೆ."

"ಸ್ಕೂಲಿನ ಗಡಿಯಾರ ನೋಡಿದಾಗ ಗೊತ್ತಾಗ್ಲಿಲ್ವಾ ಅವರಿಗೆ?"

"ಅದು ನಿಧಾನ ಅನ್ನೋರು!" ಅಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು. "ದಿನಾ ನಿಂತ್ಕೊಂಡು ರೈಲ್ವೆಯೋರನ್ನ ಬೈಯೋದ್ರಲ್ಲಿ ಎಷ್ಟು ಖುಷಿ ಇತ್ತು ಗೊತ್ತಾ ಅವರಿಗೆ!"

ನನಗೆ ಕಡಲೆಕಾಯಿಯ ಬಿಸಿ ನೆನಪಾಯಿತು. ಪ್ಲಾಟ್‌ಫಾರಂ ಮೇಲೆ ಅಪ್ಪನ ಜೊತೆ ನಿಂತು ನಾನು ಕಲಿತ ಗಣಿತವೆಲ್ಲ ಆ ಇಪ್ಪತ್ತು ನಿಮಿಷದಲ್ಲೇ ಕಲಿತದ್ದು. ಅಮ್ಮ ಕೂಡಿಸಿಕೊಟ್ಟದ್ದನ್ನು ನಾನು ಸ್ಟೂಲು ಹತ್ತಿ ಅಳಿಸಿಹಾಕಿದ್ದೆ. ಅಪ್ಪ ಬಹಳ ನೆನಪಾದರು.

ಮನೆ ಸೇರಿದ ಕೂಡಲೇ ಅಮ್ಮ ನನ್ನನ್ನು ನೀರು ತರಲು ಅಡುಗೆಮನೆಗೆ ಕಳಿಸಿದಳು. ಲೋಟ ಹಿಡಿದು ಬರುವಷ್ಟರಲ್ಲಿ ಮಹತಿ ಸ್ಟೂಲಿನಿಂದ ಇಳಿಯುತ್ತಿದ್ದಳು. ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಮೊಬೈಲಿಗೆ ಕೈಹಾಕಿದೆ. ಅದು ಆಗಲೇ ಶುಭಾಳ ಕೈಯಲ್ಲಿತ್ತು!

"ಎಷ್ಟಮ್ಮ ಮುಂದಿಟ್ಟೆ?" ಎಂದೆ ದೀನನಾಗಿ.

"ಹೇಳಲ್ಲ ಹೋಗು," ಎಂದಳು ಅಮ್ಮ. "ಹೇಳಿದ್ರೆ ನೀನು ಕಳೀತೀಯ."