ಕಾಪುವಿನ ಮರಳಲ್ಲಿ ಆಮೆಗೂಡಿನ ಕಾವಲು

೧. ಬೋರ್ಡು

ಮಣಿಪಾಲದ ಕಡೆಯಿಂದ ಬಂದ ಜೀಪು ಕಾಪುವಿನ ಮರಳಿಗೆ ಇಳಿಯಿತು. ಆಮೆಗೂಡಿನ ಪಕ್ಕದಲ್ಲೇ ಚಕ್ರ ಹೂತು ನಿಂತಿತು. ಒಳಗೆ ಕಾಲೇಜು ಹುಡುಗರು.

ಕಡಲಾಮೆ ಅಲ್ಲಿ ಮೊಟ್ಟೆ ಇಟ್ಟು ಹೋಗಿತ್ತು. ಅರಣ್ಯ ಇಲಾಖೆಯ ಗಾರ್ಡ್ ಸುತ್ತ ಬಲೆ ಕಟ್ಟಿದ್ದ. ಎದುರಿನ ಮನೆ ನನ್ನದಾದ್ದರಿಂದ ಕಾವಲು ನನಗೆ ಒಪ್ಪಿಸಿದ್ದ. "ಜನ ನಡೆದು ಬರಲಿ. ಮರಿ ಹೊರಗೆ ಬರುವವರೆಗೆ ಗಾಡಿ ಬಿಡಬೇಡಿ" ಎಂದಿದ್ದ. ಒಪ್ಪಿದ್ದೆ.

"ಇಲ್ಲಿ ಗಾಡಿ ತರಬಾರದು" ಎಂದೆ.

"ಹಾಗಾದರೆ ಬೋರ್ಡು ಹಾಕಬೇಕಲ್ವಾ ಅಂಕಲ್? ಎಲ್ಲಿ ಉಂಟು ಬೋರ್ಡು?"

"ನಿಮ್ಮ ಜೀಪಿನ ಅಡಿಯಲ್ಲಿ."

೨. ಕಾಲುನೋವು

ಕಾರ್ಕಳದ ಒಂದು ಕಾರು ಬಂತು.

"ಅಮ್ಮನಿಗೆ ಕಾಲುನೋವು. ನೀರಿನವರೆಗೆ ಬಿಡಿ ಮಾರಾಯ್ರೆ" ಎಂದ ಮಗ.

ಮಾತು ನ್ಯಾಯವೇ. ನಡೆಯಲಾಗದವರು ಕಡಲು ನೋಡಬಾರದು ಎಂದು ಯಾರೂ ಹೇಳಿಲ್ಲ. ಮನೆಯಿಂದ ಕುರ್ಚಿ ತಂದೆ. ಮಗನೂ ಅಳಿಯನೂ ಮುಖ ಊದಿಸಿಕೊಂಡು ಹೊತ್ತರು. ನೀರಿನ ಹತ್ತಿರ ಇಳಿಸಿದರು.

"ಈಗ ಆರಾಮ ಉಂಟಾ ಅಮ್ಮ?" ಎಂದು ಕೇಳಿದೆ.

"ನಾನು ಮನೆಯಲ್ಲೇ ಇರುತ್ತೇನೆ ಅಂದಿದ್ದೆ" ಎಂದರು ಅವರು. "ಇವರಿಗೆ ಮರಳಲ್ಲಿ ಕಾರು ಓಡಿಸಬೇಕಿತ್ತು. ಅದಕ್ಕೆ ನನ್ನ ಕಾಲು ಬೇಕಾಯಿತು."

೩. ಬೂತಾಯಿ

ದಡದಿಂದ ಕೈರಂಪಣಿ ಬಲೆ ಎಳೆದ ದಿನ ಮೀನಿನ ಟೆಂಪೋ ಮರಳಿಗೆ ಬಂತು. ಅಡ್ಡ ನಿಂತೆ. ಬಲೆಯ ಯಜಮಾನ ನನ್ನ ಜೊತೆ ಶಾಲೆಗೆ ಹೋದವನು.

"ನಿನಗೆ ಎಂತ ಆಗಿದೆ ಮಾರಾಯ? ಆಮೆಯ ಮೊಟ್ಟೆಗೆ ಕಾವಲು ಉಂಟು. ನಮ್ಮ ಬೂತಾಯಿ ಮೀನು ಬಿಸಿಲಲ್ಲಿ ಕೊಳೆಯಬೇಕಾ? ನೀನು ಹೊರ್ತೀಯಾ?"

"ಹೊರ್ತೇನೆ."

ರಸ್ತೆಯವರೆಗೆ ಬುಟ್ಟಿ ಬುಟ್ಟಿ ಹೊತ್ತೆ. ಸಂಜೆ ಹೆಂಡತಿ ಬೆನ್ನಿಗೆ ಎಣ್ಣೆ ತಿಕ್ಕಿದಳು.

"ಆ ಆಮೆ ಮೊಟ್ಟೆ ಇಟ್ಟ ಮೇಲೆ ತಿರುಗಿ ನೋಡಿತಾ?"

"ಇಲ್ಲ."

"ಅದಕ್ಕಿರುವ ಬುದ್ಧಿ ನಿಮಗಿಲ್ಲ."

೪. ಕೆಂಪು ಬಟ್ಟೆ

ಆದರೂ ಗಾಡಿ ಬರುವುದು ನಿಲ್ಲಲಿಲ್ಲ. ಊರಿನ ಒಬ್ಬ ಮುಖಂಡ ಬಂದ.

"ಜನ ಬೋರ್ಡಿಗೆ ಹೆದರುವುದಿಲ್ಲ, ದೇವರಿಗೆ ಹೆದರುತ್ತಾರೆ" ಎಂದ. ಬಲೆಗೆ ಕೆಂಪು ಬಟ್ಟೆ ಕಟ್ಟಿದ. ಮೇಲೆ ಒಂದಿಷ್ಟು ಕೇಪುಳ ಹೂ ಇಟ್ಟು ಹೋದ.

ಮರುದಿನದಿಂದ ಗಾಡಿ ದೂರ ನಿಂತಿತು. ಹುಡುಗರು ಚಪ್ಪಲಿ ಕಳಚಿ ನಡೆದರು. ಗಾರ್ಡ್ ನನ್ನ ಕೈ ಕುಲುಕಿದ.

ಸ್ವಲ್ಪ ದಿನಕ್ಕೆ ಕಟಪಾಡಿಯಿಂದ ಒಂದು ಕುಟುಂಬ ಬಂತು. ಕೈಯಲ್ಲಿ ಹಾಲಿನ ತಂಬಿಗೆ.

"ಇಲ್ಲಿ ದೇವರಿಲ್ಲ. ಆಮೆಯ ಮೊಟ್ಟೆ ಉಂಟು" ಎಂದೆ.

ಹೆಂಗಸು ಗಂಡನ ಕಡೆ ತಿರುಗಿದಳು. "ನೋಡಿ, ನಾನು ಹೇಳಲಿಲ್ವಾ? ಕೂರ್ಮಾವತಾರ!"

ಹಾಲು ಎರೆದರು. ಅವರ ಹಿಂದೆ ಬೇರೆಯವರು ಬಂದರು. ಎಳನೀರು, ಜೇನು, ಮತ್ತೆ ಹಾಲು. ಕೂಗಿದೆ, ಅಡ್ಡ ನಿಂತೆ.

"ಈ ಅಜ್ಜನಿಗೆ ಭಕ್ತಿ ಇಲ್ಲ" ಎಂದು ಬದಿಗೆ ಸರಿಸಿದರು.

ಮರಳು ಹುಳಿ ವಾಸನೆ ಹೊಡೆಯಿತು. ಇರುವೆ ಸಾಲು ಹಿಡಿಯಿತು. ಗಾರ್ಡ್ ಬಂದು ಗೂಡು ಅಗೆದು ನೋಡಿದ. ಮೊಟ್ಟೆ ಎಲ್ಲ ಕೊಳೆತಿತ್ತು.

ಮುಖಂಡನಿಗೆ ಹೇಳಿದೆ.

"ಆದದ್ದು ಆಯಿತು" ಎಂದ. "ಇನ್ನು ಬಿಡಲಿಕ್ಕಾಗುತ್ತದಾ? ಜನ ನಂಬಿದ ಜಾಗ."

ಅಲ್ಲೇ ಒಂದು ಕಟ್ಟೆ ಕಟ್ಟಿದರು. ಭಕ್ತರ ಕಾರು ಹೂತುಹೋಗದ ಹಾಗೆ, ಕಟ್ಟೆಯವರೆಗೆ ಕಾಂಕ್ರೀಟು ಹಾಕಿದರು.