ಭಾವನವರು ಉಕ್ಕು ಹುಡುಕಿದ ಕಥೆ

ನಮ್ಮ ಭಾವನವರು ಈ ಜಗತ್ತಿನಲ್ಲಿ ಪೂರ್ತಿ ನಂಬುವುದು ಒಂದೇ ಒಂದನ್ನು. ಅದು ಕಬ್ಬಿಣ ಉಜ್ಜುವ ಅರ. ನನ್ನ ಅಕ್ಕನನ್ನು ನಂಬುತ್ತಾರೋ ಇಲ್ಲವೋ, ಅವರು ಅವಳ ಕೈ ಹಿಡಿದು ಮೂವತ್ತೈದು ವರ್ಷವಾದರೂ ನನಗಿನ್ನೂ ಖಾತ್ರಿಯಿಲ್ಲ. ಅವಳು ತಂದ ಹಾಲಿನ ಪ್ಯಾಕೆಟ್ಟಿನ ತಾರೀಖನ್ನು ಇವರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದುತ್ತಾರೆ!

ತಪ್ಪು ಅವರದಲ್ಲ ಬಿಡಿ. ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದು, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡವರು. ಅಂಥವರು ನಿವೃತ್ತರಾದರೆ ಏನು ಮಾಡಬೇಕು? ಓರಗೆಯವರೆಲ್ಲ ಮಠಕ್ಕೋ ವಾಕಿಂಗಿಗೋ ಹೋದರೆ, ಇವರು ಈ ತಮಿಳು ಸೀಮೆಯ ಕ್ರೋಂಪೇಟೆಯಲ್ಲಿರುವ ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಸಿ ಚಾಕು ಮಾಡಲು ಕುಳಿತರು. ಕುಳಿತರು ಎಂದದ್ದು ಮಾತಿಗಷ್ಟೇ. ಕೂರುವ ಜಾತಿಯೇ ಅಲ್ಲ ಅದು. ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಎರಡು ಸಲ ಎದ್ದು ಶೆಡ್ಡಿಗೆ ಹೋಗಿ ಬಂದಿರುತ್ತಾರೆ.

ಈರುಳ್ಳಿಯನ್ನೂ ಒಳಗೆ ಬಿಡದ ಮಡಿವಂತರ ಮನೆಯಲ್ಲಿ ಈಗ ಹನ್ನೊಂದು ಚಾಕುಗಳಿವೆ. ಅಕ್ಕ ಒಂದನ್ನೂ ಮುಟ್ಟಿಲ್ಲ. ಈಳಿಗೆಮಣೆಯನ್ನು ಕಾಲಲ್ಲಿ ಅದುಮಿಕೊಂಡು ಕೂತರೇನೇ ತನಗೆ ತರಕಾರಿ ಹೆಚ್ಚಿದ ಹಾಗಾಗುವುದು ಎನ್ನುತ್ತಾಳೆ.

ಚಾಕು ಮಾಡುವುದೇನೋ ಕಲಿತರು, ಉಕ್ಕು ಎಲ್ಲಿಂದ ತರುವುದು? ಮೊದಲು ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕೊಂಡರು. ಮೊದಲ ಚಾಕು ಚೆನ್ನಾಗಿ ಬಂತು. ಎರಡನೆಯದನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಟಿಣ್ ಎಂದಿತು, ಎರಡು ತುಂಡಾಯಿತು. ಪಟ್ಟಿಯೊಳಗೆ ಯಾವ ಕಾಲದ್ದೋ ಬಿರುಕು. ಅಂದಿನಿಂದ ಹಳೇ ಕಬ್ಬಿಣಕ್ಕೆ ದೊಡ್ಡ ನಮಸ್ಕಾರ ಹಾಕಿ, ಉಪಕರಣಗಳಿಗೆಂದೇ ತಯಾರಾಗುವ ಹೊಸ ಉಕ್ಕು ಮಾರುವವರ ಬೇಟೆಗೆ ಹೊರಟರು. ಸಾಕ್ಷಿಗೆಂದು, ಎರಡು ಬೀದಿ ಆಚೆ ಇರುವ ನನ್ನನ್ನೂ ಎಳೆದುಕೊಂಡು!

ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಯಾವ ಕಾರ್ಖಾನೆಯ ಉಕ್ಕು, ಯಾವ ದರ್ಜೆಯದು, ಪರೀಕ್ಷೆಯ ಕಾಗದ ಎಲ್ಲಿ, ಯಾವ ತುದಿಯಿಂದ ಕತ್ತರಿಸುತ್ತೀರಿ? ಎರಡನೆಯ ಪ್ರಶ್ನೆಗೆ ಕಾಫಿ ತರಿಸಿದ ಅಂಗಡಿಯವನು ಒಂಬತ್ತನೆಯದಕ್ಕೆ ಷಟರ್ ಅರ್ಧ ಇಳಿಸಿದ. ಇನ್ನೊಬ್ಬ ಮುದ್ದಾದ ಸರ್ಟಿಫಿಕೇಟು ಕೊಟ್ಟ. ಅದರಲ್ಲಿ ಬರುವ ತಿಂಗಳ ತಾರೀಖಿತ್ತು. ಮೂರನೆಯವನು ತೋರಿಸಿದ ತುಂಡು ಚಿನ್ನದಂಥದ್ದು, ಮನೆಗೆ ಕಳಿಸಿದ್ದು ಬೇರೆ. ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಮೇಲೆ ಒಳ್ಳೆಯ ಉಕ್ಕಿನ ಮೇಲೆ ಅರ ಕಚ್ಚದೆ ಜಾರಬೇಕು. ಇದರ ಮೇಲೆ ಅರ ಬೆಲ್ಲ ಕೆರೆದ ಹಾಗೆ ಕೆರೆಯಿತು.

ಇಲ್ಲಿನ ಶಾಲೆಯಲ್ಲೇ ಓದಿ, ಕನ್ನಡಕ್ಕೆ ತಮಿಳಿನಲ್ಲೇ ಉತ್ತರ ಕೊಡುವ ಅವರ ಮಗಳು ಒಂದು ದಿನ ಕೇಳಿಯೇಬಿಟ್ಟಳು, "ಅಪ್ಪಾ, ನೀ ಸ್ಟೀಲ್ ವಾಂಗರಿಯಾ, ಮಾಪ್ಳೆ ಪಾಕ್ಕರಿಯಾ?" ಉಕ್ಕು ಕೊಳ್ಳುತ್ತಿದ್ದೀಯೋ, ವರ ನೋಡುತ್ತಿದ್ದೀಯೋ ಅಂತ. ಭಾವ ನಗಲಿಲ್ಲ. ವರನಿಗಾದರೆ ಇಷ್ಟು ಪರೀಕ್ಷೆ ಬೇಡ ಎಂದರು.

ಕೊನೆಗೆ ಯಾರೋ ಎಣ್ಣೂರಿನ ಕಡೆಯ ಒಂದು ಅಂಗಡಿ ಹೇಳಿದರು. ಎರಡು ರೈಲು ಹತ್ತಿ ಹೋದೆವು. ತಂದೆ ಬಿಟ್ಟುಹೋದ ಅಂಗಡಿಯನ್ನು ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ನಡೆಸುತ್ತಿದ್ದಳು. ಭಾವ ಒಂದು ಪಟ್ಟಿಯನ್ನು ಮೆಚ್ಚಿ ಕೈಗೆತ್ತಿಕೊಂಡರು. ಆಕೆ ಅದರ ಎರಡೂ ತುದಿ ನೋಡಿ ತಲೆಯಾಡಿಸಿದಳು. ಯಾವ ಬಗೆಯ ಉಕ್ಕೆಂದು ತಿಳಿಯಲು ತುದಿಗೆ ಬಳಿಯುವ ಗುರುತಿನ ಬಣ್ಣ ಅಳಿಸಿಹೋಗಿತ್ತು.

"ಇದು ಎನ್ನನ್ನು ತೆರಿಯಾದು ಸಾರ್. ವೇಂಡಾಂ," ಎಂದಳು. ಇದೇನೆಂದು ತನಗೇ ಗೊತ್ತಿಲ್ಲ, ಬೇಡ ಅಂತ.

ಬೇರೊಂದನ್ನು ತೆಗೆದು, ಬಣ್ಣವಿಲ್ಲದ ತುದಿಯಿಂದ ಕತ್ತರಿಸಿಕೊಟ್ಟಳು. ಹಾಗೆ ಮಾಡಿದರೆ ಉಳಿದ ಪಟ್ಟಿಗೆ ಗುರುತು ಉಳಿಯುತ್ತದೆ. ಭಾವ ಬೀಚ್ ಸ್ಟೇಷನ್ನಿನವರೆಗೆ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅಲ್ಲಿ ರೈಲು ಬದಲಿಸುವಾಗ, "ಗೊತ್ತಿಲ್ಲ ಅಂದ್ಲಮ್ಮ," ಎಂದರು. ಅಷ್ಟು ತಿಂಗಳಲ್ಲಿ ಆ ಮಾತು ಹೇಳಿದ ಅಂಗಡಿ ಅದೊಂದೇ.

ಮೂರು ತಿಂಗಳು ಎಲ್ಲ ಸುಸೂತ್ರ. ಆಮೇಲೆ ಆಕೆ ಕೊಟ್ಟ ಒಂದು ಪಟ್ಟಿಯ ಮೇಲೂ ಅರ ಕಚ್ಚಿತು. ಭಾವ ಮೊದಲ ರೈಲಿಗೇ ಹೋಗಿ ಜಗಳ ತೆಗೆಯುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಶೆಡ್ಡಿನಿಂದ ಗೇಟಿಗೆ, ಗೇಟಿನಿಂದ ಶೆಡ್ಡಿಗೆ ಓಡಾಡಿದರು. ಮೊಬೈಲು ತೋರಿಸಿ ಸಿಗ್ನಲ್ ಬರುತ್ತಿದೆಯಾ ನೋಡು ಎಂದು ನನ್ನನ್ನು ದಿನಕ್ಕೆ ನಾಲ್ಕು ಸಲ ಕೇಳಿದರು. ನೋಡಲಾರದೆ, ನೀವೇ ಒಂದು ಫೋನು ಮಾಡಿ ಬೈದುಬಿಡಿ ಭಾವ ಎಂದೆ.

"ಬೇಡ. ಅವಳಿಗೇ ಗೊತ್ತಾಗ್ಲಿ."

ಹನ್ನೆರಡನೆಯ ದಿನ ಮಧ್ಯಾಹ್ನ ಎಣ್ಣೂರಿನ ಆಕೆಯ ಫೋನು ಬಂತು. ಅವರು ಯಾವತ್ತೂ ಸ್ಪೀಕರಿನಲ್ಲೇ ಮಾತಾಡುವುದು. ಅಂಗಡಿಯಲ್ಲಿ ಎರಡು ಪಟ್ಟಿ ಅದಲುಬದಲಾಗಿದ್ದು ಇವತ್ತು ಕಣ್ಣಿಗೆ ಬಿತ್ತು, ನಿಮಗೆ ತಪ್ಪು ಉಕ್ಕು ಬಂದಿದೆ, ಅದರಲ್ಲಿ ಚಾಕು ಮಾಡಬೇಡಿ, ಸರಿಯಾದದ್ದು ಕಳಿಸುತ್ತೇನೆ, ಮನ್ನಿಸಿ ಎಂದಳು. "ಸರಿಮ್ಮಾ," ಎಂದು ಇವರು ಫೋನು ಇಟ್ಟರು.

ಅಂತೂ ಒಬ್ಬಳು ಪಾಸಾದಳಲ್ಲ ಎಂದು ನಾನು ನಕ್ಕೆ. ಭಾವ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ನಾನೂ ಒಂದ್ಸಲ ಹಿಂಗೇ ಫೋನ್ ಮಾಡ್ಬೇಕಿತ್ತಮ್ಮ," ಎಂದರು. "ಫ್ಯಾಕ್ಟ್ರೀಲಿದ್ದಾಗ. ಕ್ರೇನಿನ ಕೊಕ್ಕೆಗಳು. ಅವತ್ತು ಅವಸರ. ಒಂದು ಪೆಟ್ಟಿಗೆ ಪೂರ್ತಿ ಟೆಸ್ಟೇ ಮಾಡದೆ ಸೀಲ್ ಹಾಕ್ಬಿಟ್ಟೆ. ಮನೆಗೆ ಬಂದ್ಮೇಲೆ ನೆನಪಾಯ್ತು. ಅಷ್ಟೊತ್ತಿಗೆ ಲಾರಿ ಹೊರಟಿತ್ತು. ಯಾರಿಗೂ ಹೇಳ್ಲಿಲ್ಲ."

"ಏನಾದ್ರೂ ಆಯ್ತಾ ಭಾವ?"

"ಏನೂ ಆಗ್ಲಿಲ್ಲ ಅನ್ಸತ್ತೆ. ಹೆಂಗೆ ಹೇಳೋದು?"

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಯಾವಾಗ ಬಂದಳೋ.

"ಆ ವರ್ಷ ಪೂರಾ ನೀವು ಪೇಪರ್ ಬಂದ ತಕ್ಷಣ ಎಲ್ಲಿ ಕ್ರೇನ್ ಬಿತ್ತು ಅಂತ ಹುಡುಕ್ತಿದ್ರಿ," ಎಂದಳು. "ಏನೋ ಇದೆ ಅಂತ ಗೊತ್ತಿತ್ತು. ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ."

ಭಾವ ತಲೆಯೆತ್ತಿದರು. "ಇಷ್ಟು ವರ್ಷಾನಾ?"

"ಹ್ಞೂಂ," ಎಂದು ಅಕ್ಕ ಅವರ ಪಕ್ಕ ಕುಳಿತಳು.

ಆ ಮೆಟ್ಟಿಲಲ್ಲಿ ಇಬ್ಬರಿಗಷ್ಟೇ ಜಾಗ. ನಾನು ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ನಮ್ಮ ಮನೆಗೆ ನಡೆದೆ.